ಬದಲಾಗದ ಸಿಸ್ಟಮ್, ನಿಲ್ಲದ ಸಿಸ್ಟಮ್: ಲಿನಕ್ಸ್ ಲೋಕದ 30 ವರ್ಷದ ಜಗಳ

ಇವತ್ತಿನ ಕತೆ ಶುರುವಾಗೋದು ಯಾವತ್ತೂ ಬಿಡುಗಡೆಯೇ ಆಗದ ಒಂದು ಸಾಫ್ಟ್‌ವೇರ್‌ನಿಂದ.

ಡೆಬಿಯನ್ ಅಂತ ಒಂದು ಆಪರೇಟಿಂಗ್ ಸಿಸ್ಟಮ್ ಇದೆ. ಲಿನಕ್ಸ್ ಕುಟುಂಬದ್ದು. ಅದರ ಹಳೇ ಆವೃತ್ತಿಗಳ ಪಟ್ಟಿ ತೆಗೆದು ನೋಡಿದ್ರೆ 0.93 ಸಿಗುತ್ತೆ, 1.1 ಸಿಗುತ್ತೆ, ಮಧ್ಯದ 1.0 ಮಾತ್ರ ಸಿಗಲ್ಲ. ಯಾಕೆ ಅಂದ್ರೆ, 1995ರ ಕೊನೆಯಲ್ಲಿ ಸಿಡಿ ಮಾಡಿ ಮಾರೋ ಒಂದು ಕಂಪನಿ, ಇನ್ನೂ ಅರ್ಧಂಬರ್ಧ ಕೆಲಸ ಆಗಿದ್ದ ಡೆಬಿಯನ್ ಅನ್ನು ಎತ್ತಿಕೊಂಡು, ಸಿಡಿಗೆ ತುಂಬಿ, ಮೇಲೆ 1.0 ಅಂತ ಅಚ್ಚು ಹಾಕಿ ಮಾರಿಬಿಡ್ತು. ಅದು ಸರಿಯಾಗಿ ನಡೆಯೋ ಸ್ಥಿತಿಯಲ್ಲಿ ಇರಲಿಲ್ಲ. ಈಗ ನಾವು ನಿಜವಾದ 1.0 ಬಿಟ್ಟರೂ ಜನ ಈ ಕೆಟ್ಟ ಸಿಡಿಯ ಜೊತೆ ಗೊಂದಲ ಮಾಡ್ಕೊಳ್ತಾರೆ ಅಂತ ಡೆಬಿಯನ್ ತಂಡ ಆ ಸಂಖ್ಯೆಯನ್ನೇ ಕೈಬಿಟ್ಟಿತು. 1996ರ ಜೂನ್‌ನಲ್ಲಿ ನೇರವಾಗಿ 1.1 ಬಂತು.

ನನಗೆ ಈ ಘಟನೆ ಇಷ್ಟ. 'ಬಿಡುಗಡೆ' ಅಂದ್ರೆ ಏನು ಅನ್ನೋ ಪ್ರಶ್ನೆಯನ್ನ ಇದಕ್ಕಿಂತ ಚೆನ್ನಾಗಿ ಇನ್ಯಾವುದೂ ಕೇಳಲ್ಲ. ಕೋಡ್ ದಿನಾ ಬದಲಾಗ್ತಾನೇ ಇರುತ್ತೆ. ಯಾವುದೋ ಒಂದು ದಿನ ಯಾರೋ ಒಬ್ಬರು "ಸಾಕು, ಇಲ್ಲಿಗೆ ನಿಲ್ಲಿಸೋಣ, ಇದಕ್ಕೊಂದು ನಂಬರ್ ಕೊಡೋಣ" ಅಂತಾರೆ. ಆ ನಂಬರ್ ಒಂದು ಮಾತು ಕೊಟ್ಟ ಹಾಗೆ. ಇನ್ನು ಕೆಲವರು ಕೇಳ್ತಾರೆ: ಯಾಕ್ರೀ ನಿಲ್ಲಿಸಬೇಕು? ಹೊಸದು ಬಂದ ಹಾಗೆ ಹಂಚ್ತಾ ಹೋಗೋಣ. ಮೊದಲನೆಯವರದು ಸ್ಟೇಬಲ್ ರಿಲೀಸ್. ಎರಡನೆಯವರದು ರೋಲಿಂಗ್ ರಿಲೀಸ್. ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಳ್ಳಬೇಕು ಅನ್ನೋ ಪ್ರತಿ ಕಾಲೇಜು ಹುಡುಗ, ಹುಡುಗಿ ಮೊದಲು ಎಡವೋದು ಇದೇ ಪ್ರಶ್ನೆಗೆ.

ಎಡವೋಕೆ ಅರ್ಧ ಕಾರಣ 'ಸ್ಟೇಬಲ್' ಅನ್ನೋ ಪದ. ಕೇಳಿದ ತಕ್ಷಣ ನಮಗೆ ಅನ್ಸೋದು, ಇದು ಕೆಟ್ಟು ನಿಲ್ಲಲ್ಲ, ಹ್ಯಾಂಗ್ ಆಗಲ್ಲ ಅಂತ. ಡೆಬಿಯನ್‌ನವರು ಆ ಪದ ಬಳಸೋದು ಬೇರೆ ಅರ್ಥದಲ್ಲಿ: ಇದು ಬದಲಾಗಲ್ಲ. ಇವತ್ತು ಯಾವ ಬಟನ್ ಎಲ್ಲಿದೆಯೋ ಇನ್ನೆರಡು ವರ್ಷ ಅದು ಅಲ್ಲೇ. ಇವತ್ತು ಏನು ಕೆಟ್ಟಿದೆಯೋ ಅದೂ ಬಹುಪಾಲು ಹಾಗೇ ಕೆಟ್ಟಿರುತ್ತೆ. ನಗಬೇಡಿ. ಸಾವಿರ ಕಂಪ್ಯೂಟರ್ ನೋಡಿಕೊಳ್ಳೋ ಮನುಷ್ಯನಿಗೆ, ಗೊತ್ತಿರೋ ದೋಷ ಗೊತ್ತಿಲ್ಲದ ದೋಷಕ್ಕಿಂತ ಎಷ್ಟೋ ವಾಸಿ.

ಸರಿ, ಇದು ಹೇಗೆ ಕೆಲಸ ಮಾಡುತ್ತೆ ನೋಡೋಣ. ಡೆಬಿಯನ್ ಅನ್ನು 1993ರ ಆಗಸ್ಟ್‌ನಲ್ಲಿ ಶುರು ಮಾಡಿದ್ದು ಇಯಾನ್ ಮರ್ಡಾಕ್. ಡೆಬ್ರಾ ಅನ್ನೋ ಗೆಳತಿಯ ಹೆಸರು, ತನ್ನ ಹೆಸರು ಇಯಾನ್, ಎರಡನ್ನೂ ಸೇರಿಸಿ ಡೆಬಿಯನ್. ಇದರ ಆವೃತ್ತಿಗಳಿಗೆಲ್ಲ 'ಟಾಯ್ ಸ್ಟೋರಿ' ಸಿನಿಮಾದ ಪಾತ್ರಗಳ ಹೆಸರು. ಆಗ ತಂಡದ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಕೆಲಸ ಮಾಡ್ತಿದ್ದದ್ದು ಪಿಕ್ಸಾರ್‌ನಲ್ಲಿ. ಬಝ್, ವುಡಿ, ಲೆನ್ನಿ ಹೀಗೆ. ಹೊಸ ಸಾಫ್ಟ್‌ವೇರ್ ಮೊದಲು ಬಂದು ಬೀಳೋ ಜಾಗಕ್ಕೆ ಮಾತ್ರ ಹೆಸರು ಯಾವತ್ತೂ ಬದಲಾಗಲ್ಲ. ಅದರ ಹೆಸರು ಸಿಡ್. ಸಿನಿಮಾ ನೋಡಿದವರಿಗೆ ನೆನಪಿರುತ್ತೆ, ಪಕ್ಕದ ಮನೆಯ ಆಟಿಕೆ ಮುರಿಯೋ ಹುಡುಗ.

ಹೊಸ ಪ್ಯಾಕೇಜ್, ಅಂದ್ರೆ ಒಂದು ಬ್ರೌಸರ್ರೋ ಫಾಂಟೋ ಏನೋ ಒಂದು, ಮೊದಲು ಸಿಡ್‌ಗೆ ಬರುತ್ತೆ. ಅಲ್ಲಿ ಕೆಲವು ದಿನ ದೊಡ್ಡ ದೂರು ಬರದೇ ಇದ್ರೆ 'ಟೆಸ್ಟಿಂಗ್' ಅನ್ನೋ ಮುಂದಿನ ಕೋಣೆಗೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಬಾಗಿಲು ಹಾಕ್ತಾರೆ, ಇನ್ನು ಹೊಸದು ಬೇಡ ಅಂತ. ತಿಂಗಳುಗಟ್ಟಲೆ ಬಗ್ ಮಾತ್ರ ತಿದ್ದುತ್ತಾರೆ. ಆಮೇಲೆ ಅದಕ್ಕೆ ಸ್ಟೇಬಲ್ ಅಂತ ಹೆಸರು. ಅಲ್ಲಿಂದ ಮುಂದೆ ಯಾವುದಾದ್ರೂ ಭದ್ರತಾ ದೋಷ ಸಿಕ್ಕಿದ್ರೆ ಹೊಸ ಆವೃತ್ತಿ ತಂದು ಹಾಕೋದು ಅಪರೂಪ. ಹೊಸ ಆವೃತ್ತಿಯಲ್ಲಿ ಇರೋ ತಿದ್ದುಪಡಿಯನ್ನ ಮಾತ್ರ ಕತ್ತರಿಸಿ ತಂದು ಹಳೇ ಕೋಡ್‌ಗೆ ಹೊಲಿಯುತ್ತಾರೆ. ಹಳೇ ಅಂಗಿಗೆ ತೇಪೆ ಹಾಕೋ ಕೆಲಸ. ಹೊಸ ಅಂಗಿ ಹೊಲಿಯೋದಕ್ಕಿಂತ ಇದಕ್ಕೆ ಹೆಚ್ಚು ಕೈಚಳಕ ಬೇಕು, ಆದ್ರೆ ಯಾರೂ ಚಪ್ಪಾಳೆ ತಟ್ಟಲ್ಲ.

ರೋಲಿಂಗ್‌ನಲ್ಲಿ ಈ ಬಾಗಿಲು ಹಾಕೋ ಹಂತವೇ ಇಲ್ಲ. ಬಂತು, ಒಂದಿಷ್ಟು ಪರೀಕ್ಷೆ ಆಯ್ತು, ನಿಮ್ಮ ಮನೆಗೆ ಬಂತು. ಒಮ್ಮೆ ಇನ್‌ಸ್ಟಾಲ್ ಮಾಡಿದ್ರೆ ಮತ್ತೆ 'ದೊಡ್ಡ ಅಪ್‌ಗ್ರೇಡ್' ಅಂತ ಏನೂ ಇರಲ್ಲ. ಸಣ್ಣ ಸಣ್ಣ ಬದಲಾವಣೆ, ವಾರ ವಾರ.

ಇಲ್ಲಿ ನಮ್ಮ ದೇಶದ ಒಂದು ವಿಷಯ ಹೇಳಬೇಕು. ಸ್ಟೇಬಲ್ ಅನ್ನೋ ಕಲ್ಪನೆ ಗಟ್ಟಿಯಾಗಿ ನಿಂತಿದ್ದಕ್ಕೆ ಸಿಡಿಯ ಪಾಲು ದೊಡ್ಡದು. ಒಮ್ಮೆ ಸಿಡಿಗೆ ಬರೆದದ್ದು ಬದಲಾಗಲ್ಲ. ನಮ್ಮಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಯನ್ನ ಸಂಚಿಕೆ ಜೊತೆಗೆ ಕೊಡ್ತಿತ್ತು. ಡಯಲ್-ಅಪ್ ಕಾಲದಲ್ಲಿ, ಫೋನ್ ಬಿಲ್ ನೋಡಿ ಮನೆಯವರು ಬೈತಿದ್ದ ಕಾಲದಲ್ಲಿ, ವಾರಕ್ಕೆ ನೂರಾರು ಎಂಬಿ ಅಪ್‌ಡೇಟ್ ಇಳಿಸ್ಕೊಳ್ಳೋ ಸಿಸ್ಟಮ್ ಬಗ್ಗೆ ಮಾತಾಡೋದೇ ತಮಾಷೆ. ಆಮೇಲೆ ಉಬುಂಟು ಬಂತು. ಕೇಳಿದವರ ಮನೆಗೆ ಪೋಸ್ಟ್‌ನಲ್ಲಿ ಪುಕ್ಕಟೆ ಸಿಡಿ ಕಳಿಸ್ತು. ಶಿಪ್‌ಇಟ್ ಅಂತ ಆ ಯೋಜನೆಯ ಹೆಸರು, 2011ರಲ್ಲಿ ನಿಲ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲಷ್ಟೇ ನಮ್ಮ ಬಹಳಷ್ಟು ಹುಡುಗರಿಗೆ ರೋಲಿಂಗ್ ಅನ್ನೋದು ಒಂದು ಆಯ್ಕೆ ಆಗಿದ್ದು. ಅಲ್ಲಿವರೆಗೆ ಅದು ಬೇರೆಯವರ ಊರಿನ ಜಾತ್ರೆ.

ಸ್ಟೇಬಲ್‌ನ ಅಹಂಕಾರಕ್ಕೆ ಮೊದಲ ಪೆಟ್ಟು ಬಿದ್ದಿದ್ದು 2002ರಿಂದ 2005ರ ನಡುವೆ. ಡೆಬಿಯನ್ 3.0, ವುಡಿ, ಬಂದಿದ್ದು 2002ರ ಜುಲೈನಲ್ಲಿ. ಮುಂದಿನದು, ಸಾರ್ಜ್, ಬಂದಿದ್ದು 2005ರ ಜೂನ್‌ನಲ್ಲಿ. ಹತ್ತಿರ ಹತ್ತಿರ ಮೂರು ವರ್ಷ. ವುಡಿ ಹುಟ್ಟುವಾಗಲೇ ಮುದುಕ: ಕೇಳದೆ ಹಾಕಿದ್ರೆ ಬರ್ತಿದ್ದದ್ದು 2.2 ಕರ್ನಲ್, 2.4 ಅದಾಗಲೇ ಬಂದು ಒಂದೂವರೆ ವರ್ಷ ಆಗಿತ್ತು. 2003ರ ಡಿಸೆಂಬರ್‌ನಲ್ಲಿ 2.6 ಕೂಡ ಬಂತು. ಕರ್ನಲ್ ಅಂದ್ರೆ ಸಿಸ್ಟಮ್‌ನ ತಿರುಳು. ನಿಮ್ಮ ವೈಫೈ, ಡಿಸ್ಕ್, ಸ್ಕ್ರೀನ್ ಗುರುತಿಸೋದು ಅದೇ. ಅಂಗಡಿಯಿಂದ ಹೊಸ ಲ್ಯಾಪ್‌ಟಾಪ್ ತಂದು ವುಡಿ ಹಾಕೋಕೆ ಹೋದವರ ಪಾಡು ನೀವೇ ಊಹಿಸ್ಕೊಳ್ಳಿ.

ಡೆಬಿಯನ್ ಕಂಪನಿ ಅಲ್ಲ. ಜಗತ್ತಿನ ಸಾವಿರಕ್ಕೂ ಹೆಚ್ಚು ಜನ ಬಿಡುವಿನಲ್ಲಿ ಕೂತು ಮಾಡೋ ಕೆಲಸ. "ಸಿದ್ಧ ಆದಾಗ ಬಿಡ್ತೀವಿ" ಅನ್ನೋದು ಅವರ ನಿಲುವು. ಅದರಲ್ಲಿ ಒಂದು ಘನತೆ ಇದೆ, ಒಪ್ಪಿಕೊಳ್ಳಲೇಬೇಕು. ಆದ್ರೆ ಕಾಯೋರಿಗೆ ಘನತೆಯಿಂದ ಹೊಟ್ಟೆ ತುಂಬಲ್ಲ. ಮುಂದಿನ ಆವೃತ್ತಿಯಾದ್ರೂ ಹೇಳಿದ ಹೊತ್ತಿಗೆ ಬರಲಿ ಅಂತ 2006ರಲ್ಲಿ ಬಿಡುಗಡೆ ಉಸ್ತುವಾರಿ ಹೊತ್ತ ಇಬ್ಬರಿಗೆ ದುಡ್ಡು ಕೊಡೋ ಪ್ರಯೋಗ ನಡೀತು. ಡಂಕ್-ಟ್ಯಾಂಕ್ ಅಂತ ಹೆಸರು. ಅವರಿಗೆ ದುಡ್ಡು, ನಮಗೆ ಪುಕ್ಕಟೆ ಚಾಕರಿನಾ ಅಂತ ಒಳಗೇ ಜಗಳ ಎದ್ದು, ಡಿಸೆಂಬರ್‌ಗೆ ಬರಬೇಕಿದ್ದ ಎಚ್ ಅನ್ನೋ ಆವೃತ್ತಿ 2007ರ ಏಪ್ರಿಲ್‌ಗೆ ಬಂತು. ಊರ ಹಬ್ಬದ ಸಮಿತಿಯಲ್ಲಿ ಕೆಲಸ ಮಾಡಿದ ಯಾರಿಗೇ ಆದ್ರೂ ಈ ಜಗಳ ಅರ್ಥ ಆಗುತ್ತೆ.

ಈ ಬೇಸರದ ಕಾಲದಲ್ಲೇ ಎರಡು ದಾರಿ ಒಡೆದವು. ಒಂದು, ಮಾರ್ಕ್ ಶಟಲ್‌ವರ್ತ್ ಅವರ ಉಬುಂಟು. 2004ರ ಅಕ್ಟೋಬರ್‌ನಲ್ಲಿ ಮೊದಲ ಬಿಡುಗಡೆ. ಅವರು ಮಾಡಿದ್ದು ಸರಳ: ಡೆಬಿಯನ್‌ನ ಆ ಸಿಡ್ ಕೋಣೆಯಿಂದಲೇ ಎತ್ತಿಕೊಂಡು, ತಿದ್ದಿ ತೀಡಿ, ಆರು ತಿಂಗಳಿಗೊಮ್ಮೆ ದಿನಾಂಕ ಹೇಳಿ ಬಿಡೋದು. ಜೊತೆಗೆ ಕೆಲವು ಆವೃತ್ತಿಗಳಿಗೆ ದೀರ್ಘ ಕಾಲದ ಬೆಂಬಲ, ಅದೇ ಎಲ್‌ಟಿಎಸ್. ಮೊದಲ ಎಲ್‌ಟಿಎಸ್ 2006ರ ಏಪ್ರಿಲ್‌ಗೆ ಬರಬೇಕಿತ್ತು, ಆರು ವಾರ ತಡ ಆಗಿ ಜೂನ್‌ಗೆ ಬಂತು. ಅದಕ್ಕೇ ಅದರ ನಂಬರ್ 6.06.

ಇನ್ನೊಂದು ದಾರಿ ಅಂಚೆಯಣ್ಣನ ಸಿಡಿಯನ್ನೇ ಮರೆತವರದು. 2002ರ ಮಾರ್ಚ್ ಒಂದೇ ತಿಂಗಳಲ್ಲಿ ಜೆಂಟೂ 1.0 ಬಂತು, ಆರ್ಚ್ ಲಿನಕ್ಸ್‌ನ ಮೊದಲ ಆವೃತ್ತಿಯೂ ಬಂತು. ಆರ್ಚ್ ಮಾಡಿದ್ದು ಕೆನಡಾದ ಜಡ್ ವಿನೆಟ್. ಇನ್‌ಸ್ಟಾಲ್ ಮಾಡೋದೇ ಒಂದು ವಿದ್ಯೆ ಅನ್ನಿಸೋವಷ್ಟು ಎಲ್ಲವನ್ನೂ ಕೈಯಾರೆ ಮಾಡಬೇಕಿತ್ತು. ಹಾಗಾಗಿ ಮಾಡಿದವರು ಸುಮ್ಮನಿರಲ್ಲ. "ನಾನು ಆರ್ಚ್ ಬಳಸ್ತೀನಿ ಕಣೋ" ಅನ್ನೋ ಮೀಮ್ ನೀವೂ ನೋಡಿರ್ತೀರ.

ಆರ್ಚ್‌ನಲ್ಲಿ ಜೀವನ ಹೇಗಿರುತ್ತೆ ಅನ್ನೋಕೆ 2012ರ ಜುಲೈ ಒಳ್ಳೇ ಉದಾಹರಣೆ. ಸಿಸ್ಟಮ್‌ನ ಮೂಲ ಲೈಬ್ರರಿಗಳಿರೋ ಒಂದು ಫೋಲ್ಡರ್ ಜಾಗ ಬದಲಾಯಿಸಬೇಕಿತ್ತು. ಆರ್ಚ್ ತಂಡ ತನ್ನ ಮುಖಪುಟದಲ್ಲಿ ಸ್ಪಷ್ಟವಾಗಿ ಬರೀತು: ಅಪ್‌ಡೇಟ್ ಮಾಡುವಾಗ ತಕರಾರು ಬಂದ್ರೆ ಬಲವಂತ ಮಾಡಬೇಡಿ, ಈ ಈ ಹಂತ ಅನುಸರಿಸಿ. ಓದದೇ ಬಲವಂತದ ಆಯ್ಕೆ ಒತ್ತಿದವರ ಕಂಪ್ಯೂಟರ್ ಮತ್ತೆ ಬೂಟ್ ಆಗಲಿಲ್ಲ. ಇಲ್ಲಿ ಯಾರದು ತಪ್ಪು? ಆರ್ಚ್‌ನವರು ಹೇಳೋದು, ಸೂಚನೆ ಓದೋದು ನಿಮ್ಮ ಕೆಲಸದ ಭಾಗ ಅಂತ. ನನಗೆ ಅದು ಪ್ರಾಮಾಣಿಕ ಉತ್ತರ ಅನ್ಸುತ್ತೆ. ಆದ್ರೆ ಪರೀಕ್ಷೆಯ ಹಿಂದಿನ ರಾತ್ರಿ ಪ್ರಾಜೆಕ್ಟ್ ಮುಗಿಸ್ತಿರೋ ವಿದ್ಯಾರ್ಥಿ ಅಪ್‌ಡೇಟ್ ಸುದ್ದಿ ಓದ್ತಾ ಕೂರೋದು ಅನುಮಾನ.

ನಾನು ಇದನ್ನ ಕಂತು ಮತ್ತು ಇಡುಗಂಟಿನ ಲೆಕ್ಕದಲ್ಲಿ ನೋಡ್ತೀನಿ. ಮೇಲಿನಿಂದ ಬರೋ ಬದಲಾವಣೆ ಎಲ್ಲರಿಗೂ ಒಂದೇ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಆ ಫೋಲ್ಡರ್ ಬದಲಾವಣೆ ಕೊನೆಗೆ ಡೆಬಿಯನ್‌ಗೂ ಬಂತು, ಉಬುಂಟುಗೂ ಬಂತು. ಆರ್ಚ್‌ನವರು ಆ ಸಾಲವನ್ನ ತಿಂಗಳ ಕಂತಿನಲ್ಲಿ ತೀರಿಸ್ತಾರೆ. ಸ್ಟೇಬಲ್‌ನವರು ಎರಡು ವರ್ಷಕ್ಕೊಮ್ಮೆ ಇಡುಗಂಟಾಗಿ ಕಟ್ತಾರೆ, ಜೊತೆಗೆ ಯಾವ ದಿನ ಕಟ್ಟಬೇಕು ಅನ್ನೋದನ್ನ ತಾವೇ ಆರಿಸ್ಕೊಳ್ತಾರೆ. ಆ ದಿನ ಆರಿಸೋ ಹಕ್ಕಿಗೇ ಬೆಲೆ ಇರೋದು.

ಕಾಯೋದಕ್ಕೂ ಬೆಲೆ ಇದೆ, ಅದನ್ನ ಮರೀಬಾರದು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಅಂತ ಕನ್ನಡ ಫಾಂಟ್‌ಗಳಿವೆ. ಯಾವುದೋ ಒತ್ತಕ್ಷರ ಸರಿಯಾಗಿ ಕೂರ್ತಿಲ್ಲ, ಫಾಂಟ್ ಮಾಡಿದವರು ಇವತ್ತು ಅದನ್ನ ಸರಿಪಡಿಸಿದ್ರು ಅಂದ್ಕೊಳ್ಳಿ. ರೋಲಿಂಗ್ ಬಳಸೋರಿಗೆ ಸ್ವಲ್ಪ ದಿನದಲ್ಲೇ ಅದು ಸಿಗಬಹುದು. ಸ್ಟೇಬಲ್‌ನವರಿಗೆ, ಇದು ಭದ್ರತೆಯ ವಿಷಯ ಅಲ್ಲದ್ದರಿಂದ, ಮುಂದಿನ ದೊಡ್ಡ ಬಿಡುಗಡೆವರೆಗೂ ಒತ್ತು ಓರೆಯಾಗೇ ಇರಬಹುದು. ಸಾಫ್ಟ್‌ವೇರ್ ಬರೆಯೋರಿಗೂ ಇದು ತಲೆನೋವು: ತಾವು ಯಾವತ್ತೋ ತಿದ್ದಿದ ಬಗ್ ಬಗ್ಗೆ ವರ್ಷಗಟ್ಟಲೆ ದೂರು ಬರ್ತಾ ಇರುತ್ತೆ. ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮಿ ಝವಿನ್ಸ್ಕಿ ಇದರಿಂದ ರೋಸಿಹೋಗಿ, 'ಈ ಆವೃತ್ತಿ ತುಂಬಾ ಹಳೇದು' ಅಂತ ಬಳಕೆದಾರರಿಗೆ ತೋರಿಸೋ ಎಚ್ಚರಿಕೆಯನ್ನೇ ಪ್ರೋಗ್ರಾಮ್ ಒಳಗೆ ಇಟ್ಟರು. 2016ರಲ್ಲಿ ಅದರ ಬಗ್ಗೆ ಡೆಬಿಯನ್‌ನಲ್ಲಿ ದೊಡ್ಡ ವಾದವೇ ನಡೀತು.

ಹಾಗಾದ್ರೆ ಹಳೇದು ಸುರಕ್ಷಿತನಾ? ಎರಡು ಘಟನೆ ಹೇಳ್ತೀನಿ, ಎರಡೂ ಓಪನ್‌ಎಸ್‌ಎಸ್‌ಎಲ್ ಅನ್ನೋ ಗೂಢಲಿಪಿ ಸಾಫ್ಟ್‌ವೇರ್‌ಗೆ ಸೇರಿದ್ದು. ನೀವು ಬ್ಯಾಂಕ್ ವೆಬ್‌ಸೈಟ್ ತೆಗೆದಾಗ ಕಾಣೋ ಬೀಗದ ಚಿತ್ರದ ಹಿಂದೆ ಕೆಲಸ ಮಾಡೋದು ಇಂಥ ಸಾಫ್ಟ್‌ವೇರೇ.

2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ಅನ್ನೋ ದೋಷ ಬಯಲಾಯ್ತು. ಸರ್ವರ್‌ನ ಮೆಮೊರಿಯಿಂದ ಗುಟ್ಟುಗಳನ್ನ ಯಾರು ಬೇಕಾದ್ರೂ ಹೊರಗಿನಿಂದ ಓದಬಹುದಿತ್ತು. ಈ ದೋಷ ಇದ್ದದ್ದು 2012ರಲ್ಲಿ ಬಂದ 1.0.1 ಸರಣಿಯಲ್ಲಿ. ಡೆಬಿಯನ್‌ನ ಅದಕ್ಕಿಂತ ಹಳೇ ಆವೃತ್ತಿ ಸ್ಕ್ವೀಝ್‌ನಲ್ಲಿ ಇದ್ದದ್ದು 0.9.8. ಅಲ್ಲಿ ಆ ದೋಷವೇ ಇರಲಿಲ್ಲ. ಅಪ್‌ಗ್ರೇಡ್ ಮಾಡದೆ ಸೋಮಾರಿತನ ಮಾಡಿದವರು ಆ ವಾರ ನೆಮ್ಮದಿಯಾಗಿ ನಿದ್ದೆ ಮಾಡಿದ್ರು.

ಅದಕ್ಕೂ ಆರು ವರ್ಷ ಹಿಂದೆ, 2008ರ ಮೇನಲ್ಲಿ, ಉಲ್ಟಾ ಆಗಿತ್ತು. ಡೆಬಿಯನ್‌ನವರೇ 2006ರಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಕೋಡ್‌ನಲ್ಲಿ ಒಂದೆರಡು ಸಾಲನ್ನ ನಿಷ್ಕ್ರಿಯ ಮಾಡಿದ್ರು. ದೋಷ ಹುಡುಕೋ ಒಂದು ಟೂಲ್ ಆ ಸಾಲುಗಳ ಬಗ್ಗೆ ಗೊಣಗ್ತಿತ್ತು, ಅದಕ್ಕೆ. ಆದ್ರೆ ಆ ಸಾಲುಗಳೇ ಗೂಢಲಿಪಿಯ ಕೀಲಿಗೆ ಬೇಕಾದ ಅಡ್ಡಾದಿಡ್ಡಿತನ ಒದಗಿಸ್ತಿದ್ದದ್ದು. ಅವು ಹೋದ ಮೇಲೆ ಉಳಿದದ್ದು ಪ್ರೋಗ್ರಾಮ್‌ನ ಪ್ರೊಸೆಸ್ ನಂಬರ್ ಮಾತ್ರ. ಅದರಲ್ಲಿ ಸಾಧ್ಯ ಇದ್ದದ್ದು 32,768. ಅಂದ್ರೆ ಒಂದೊಂದು ಬಗೆಯ ಕೀಲಿಗೂ ಅಷ್ಟೇ ಸಾಧ್ಯತೆ, ಒಂದೊಂದಾಗಿ ಹಾಕಿ ನೋಡಿದ್ರೆ ಬೀಗ ತೆಗೀತು. ಈ ತಪ್ಪು ಎಚ್ ಆವೃತ್ತಿಯ ಒಳಗೆ ಸೇರಿ, ಬಾಗಿಲು ಹಾಕಿ, ಸ್ಟೇಬಲ್ ಅಂತ ಮುದ್ರೆ ಒತ್ತಿಸ್ಕೊಂಡು ಹೊರಗೆ ಬಂದಿತ್ತು. ಲೂಸಿಯಾನೊ ಬೆಲ್ಲೊ ಅನ್ನೋ ಡೆವಲಪರ್ ಕಂಡುಹಿಡಿಯೋ ಹೊತ್ತಿಗೆ ಇಪ್ಪತ್ತು ತಿಂಗಳು ಆಗಿತ್ತು. ಫ್ರಿಡ್ಜ್‌ನಲ್ಲಿಟ್ಟರೆ ಒಳ್ಳೇ ಹಾಲೂ ಉಳಿಯುತ್ತೆ, ಆಗಲೇ ಕೆಟ್ಟಿದ್ದೂ ಉಳಿಯುತ್ತೆ.

ಈಗ ಮಾತು ಕೊಟ್ಟು ತಪ್ಪೋ ಕತೆ. ಐಟಿಯಲ್ಲಿ ಕೆಲಸ ಮಾಡೋ ಅಕ್ಕನೋ ಅಣ್ಣನೋ ಮನೇಲಿದ್ರೆ 2020ರ ಡಿಸೆಂಬರ್ 8 ನೆನಪಿದೆಯಾ ಕೇಳಿ. ಸೆಂಟ್‌ಓಎಸ್ ಅಂತ ಒಂದು ಲಿನಕ್ಸ್ ಇತ್ತು. ರೆಡ್ ಹ್ಯಾಟ್ ಕಂಪನಿಯ ದುಬಾರಿ ಎಂಟರ್‌ಪ್ರೈಸ್ ಲಿನಕ್ಸ್‌ನದ್ದೇ ಪುಕ್ಕಟೆ ಪ್ರತಿ. ಹತ್ತು ಹತ್ತು ವರ್ಷ ಬೆಂಬಲ. ಸ್ಟೇಬಲ್‌ಗಳಲ್ಲೇ ಸ್ಟೇಬಲ್. 2019ರ ಸೆಪ್ಟೆಂಬರ್‌ನಲ್ಲಿ ಬಂದ ಸೆಂಟ್‌ಓಎಸ್ 8, 2029ರವರೆಗೆ ಇರುತ್ತೆ ಅಂತ ನಂಬಿ ಜನ ಸರ್ವರ್‌ಗಳಿಗೆ ಹಾಕಿದ್ರು. ಆ ಡಿಸೆಂಬರ್ 8ಕ್ಕೆ ಪ್ರಕಟಣೆ ಬಂತು: 2021ರ ಕೊನೆಗೆ ಮುಗೀತು, ಇನ್ನು ಮೇಲೆ ಸೆಂಟ್‌ಓಎಸ್ ಸ್ಟ್ರೀಮ್ ಮಾತ್ರ. ಸ್ಟ್ರೀಮ್ ಪೂರ್ತಿ ರೋಲಿಂಗ್ ಅಲ್ಲ, ಆದ್ರೆ ರೆಡ್ ಹ್ಯಾಟ್‌ನ ಮುಂದಿನ ಬಿಡುಗಡೆಗೆ ಹೋಗಬೇಕಾದ್ದು ಮೊದಲು ಬರೋ ಜಾಗ, ಹರೀತಾನೇ ಇರೋದು. ಏಳು ವರ್ಷಕ್ಕೂ ಹೆಚ್ಚಿನ ಆಯಸ್ಸು ಒಂದು ಪ್ರಕಟಣೆಯಲ್ಲಿ ಹೋಯ್ತು.

ತಾಂತ್ರಿಕವಾಗಿ ಸ್ಟ್ರೀಮ್ ಅಷ್ಟೇನೂ ಕೆಟ್ಟದ್ದಲ್ಲ ಅಂತ ಹೇಳೋರಿದ್ದಾರೆ. ಇರಬಹುದು. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಸ್ಟೇಬಲ್ ಆರಿಸಿದವರು ಕೊಂಡದ್ದೇ ದಿನಾಂಕವನ್ನ, ಅದನ್ನೇ ಕಿತ್ತುಕೊಂಡ್ರೆ ಉಳಿದದ್ದೇನು? ಸೆಂಟ್‌ಓಎಸ್ ಕಟ್ಟಿದವರಲ್ಲಿ ಒಬ್ಬರಾದ ಗ್ರೆಗರಿ ಕರ್ಟ್ಝರ್ ಕೂಡಲೇ ರಾಕಿ ಲಿನಕ್ಸ್ ಅಂತ ಹೊಸದು ಶುರು ಮಾಡಿದ್ರು. ಆರಂಭದಲ್ಲಿ ಜೊತೆಗಿದ್ದು ತೀರಿಹೋದ ಗೆಳೆಯ ರಾಕಿ ಮೆಗಾ ನೆನಪಿಗೆ ಆ ಹೆಸರು. ಇನ್ನೊಂದು ಕಡೆ ಆಲ್ಮಾಲಿನಕ್ಸ್ ಹುಟ್ಟಿತು. ಎರಡೂ 2021ರಲ್ಲೇ ಬಂದವು.

ವಿಂಡೋಸ್ ಲೋಕವೂ ಇದನ್ನ ಪ್ರಯತ್ನಿಸಿತ್ತು, ಬೇಗ ಹೇಳಿ ಮುಗಿಸ್ತೀನಿ. 2015ರಲ್ಲಿ ವಿಂಡೋಸ್ 10 ಬಂದಾಗ ಇದೇ ಕೊನೇ ವಿಂಡೋಸ್, ಇನ್ನು ಮೇಲೆ ಅಪ್‌ಡೇಟ್ ಬರ್ತಾ ಇರುತ್ತೆ ಅಷ್ಟೇ ಅಂತ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ವೇದಿಕೆ ಮೇಲೆ ಹೇಳಿದ್ರು. 2018ರ ಅಕ್ಟೋಬರ್ ಅಪ್‌ಡೇಟ್ ಕೆಲವರ ಕಡತಗಳನ್ನೇ ಅಳಿಸಿಹಾಕಿತು, ಕೆಲವೇ ದಿನದಲ್ಲಿ ಅದನ್ನ ಹಿಂದಕ್ಕೆ ತಗೊಂಡ್ರು. ಪರೀಕ್ಷಾರ್ಥ ಬಳಸ್ತಿದ್ದ ಕೆಲವರು ಮೊದಲೇ ದೂರು ಕೊಟ್ಟಿದ್ರು, ಆ ದೂರು ರಾಶಿಯಲ್ಲಿ ಮುಳುಗಿಹೋಗಿತ್ತು. 2021ರಲ್ಲಿ ವಿಂಡೋಸ್ 11 ಬಂತು. ಕೊನೇ ವಿಂಡೋಸ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು.

ಇನ್ನು ಇವತ್ತಿನ ಕಂತಿನ ಮುಖ್ಯ ಕತೆಗೆ ಬರ್ತೀನಿ. ಯಾಕಂದ್ರೆ ಸ್ಟೇಬಲ್ಲಾ ರೋಲಿಂಗಾ ಅನ್ನೋ ಜಗಳದಲ್ಲಿ ಎರಡೂ ಕಡೆಯವರು ಒಬ್ಬರಿಗೊಬ್ಬರು ಎಷ್ಟು ಸಾಲಗಾರರು ಅಂತ ತೋರಿಸಿದ್ದು ಅದು.

ಎಕ್ಸ್‌ಝಡ್ ಅಂತ ಒಂದು ಸಣ್ಣ ಸಾಫ್ಟ್‌ವೇರ್. ಫೈಲ್ ಗಾತ್ರ ಕುಗ್ಗಿಸೋದು ಅದರ ಕೆಲಸ. ಹೆಚ್ಚು ಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇರುತ್ತೆ. ನೋಡಿಕೊಳ್ತಿದ್ದದ್ದು ಲಾಸೆ ಕಾಲಿನ್ ಅನ್ನೋ ಒಬ್ಬರೇ, ಸಂಬಳ ಇಲ್ಲದೆ. 2021ರಿಂದ ಜಿಯಾ ಟಾನ್ ಅನ್ನೋ ಹೆಸರಿನ ಒಬ್ಬರು ಸಹಾಯಕ್ಕೆ ಬಂದ್ರು. ಸಣ್ಣ ಸಣ್ಣ ತಿದ್ದುಪಡಿ, ವಿನಯದ ಮಾತು. ಅದೇ ಹೊತ್ತಿಗೆ ಬೇರೆ ಬೇರೆ ಹೆಸರುಗಳಿಂದ ಕಾಲಿನ್‌ಗೆ ಒತ್ತಡ ಶುರುವಾಯ್ತು: ಕೆಲಸ ನಿಧಾನ ಆಗ್ತಿದೆ, ಬೇರೆಯವರಿಗೆ ಬಿಟ್ಟುಕೊಡಿ. ತನ್ನ ಮಾನಸಿಕ ಆರೋಗ್ಯ ಸರಿ ಇಲ್ಲ ಅಂತ ಆ ಮನುಷ್ಯ 2022ರಲ್ಲಿ ಬಹಿರಂಗವಾಗೇ ಹೇಳ್ಕೊಂಡಿದ್ರು. ಕೊನೆಗೆ ಜಿಯಾ ಟಾನ್ ಕೈಗೆ ಅಧಿಕಾರ ಬಂತು. 2024ರ ಫೆಬ್ರವರಿಯಲ್ಲಿ ಬಂದ 5.6.0, ಆಮೇಲಿನ 5.6.1, ಎರಡರಲ್ಲೂ ಒಂದು ಹಿಂಬಾಗಿಲು ಅಡಗಿತ್ತು. ದೂರದಿಂದ ಸರ್ವರ್‌ಗೆ ಲಾಗಿನ್ ಆಗೋಕೆ ಬಳಸೋ ಎಸ್‌ಎಸ್‌ಎಚ್ ಒಳಗೆ ನುಸುಳಿ, ಗುಪ್ತ ಕೀಲಿ ಇರೋ ಒಬ್ಬರಿಗೆ ಮಾತ್ರ ತೆರೆಯೋ ಬಾಗಿಲು.

ಹಿಂಬಾಗಿಲು ಎಲ್ಲಿಗೆ ಗುರಿ ಇಟ್ಟಿತ್ತು ಗೊತ್ತಾ? ಆ ಕೋಡ್ ಮೊದಲು ಪರೀಕ್ಷೆ ಮಾಡ್ತಿತ್ತು: ನನ್ನನ್ನ ಕಟ್ಟುತ್ತಿರೋದು ಡೆಬಿಯನ್ ಮಾದರಿಯ ಪ್ಯಾಕೇಜ್ ಆಗಿಯಾ, ಇಲ್ಲಾ ರೆಡ್ ಹ್ಯಾಟ್ ಮಾದರಿಯ ಪ್ಯಾಕೇಜ್ ಆಗಿಯಾ? ಎರಡೂ ಅಲ್ಲದಿದ್ರೆ ಸುಮ್ಮನಿರ್ತಿತ್ತು. ಆರ್ಚ್‌ನವರಿಗೆ ಹೊಸ ಎಕ್ಸ್‌ಝಡ್ ಬೇಗನೇ ತಲುಪಿತ್ತು, ಆದ್ರೆ ಅವರ ಮೇಲೆ ಇದಕ್ಕೆ ಆಸಕ್ತಿಯೇ ಇರಲಿಲ್ಲ. ಬೇಕಾಗಿದ್ದದ್ದು ಮುಂದೆ ಸ್ಟೇಬಲ್ ಆಗಿ ಹೆಪ್ಪುಗಟ್ಟಿ, ವರ್ಷಗಟ್ಟಲೆ ಬದಲಾಗದೆ ಲಕ್ಷಾಂತರ ಸರ್ವರ್‌ಗಳಲ್ಲಿ ಕೂರೋ ಸಿಸ್ಟಮ್‌ಗಳು. ಉಬುಂಟು 24.04 ಎಲ್‌ಟಿಎಸ್ ಏಪ್ರಿಲ್ ಕೊನೆಗೆ ಬರಬೇಕಿತ್ತು. ಹೊಸ ಎಕ್ಸ್‌ಝಡ್ ಅನ್ನು ಅದಕ್ಕೆ ಸೇರಿಸಿ ಅಂತ ಮಾರ್ಚ್ ಕೊನೆಯಲ್ಲೂ ಕೋರಿಕೆ ಹೋಗಿತ್ತು. ಬಾಗಿಲು ಮುಚ್ಚೋ ಮೊದಲು ಒಳಗೆ ಸೇರಬೇಕು, ಅಷ್ಟೇ ಅವಸರ.

ಆಗ ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಎಂಜಿನಿಯರ್, ಮೈಕ್ರೋಸಾಫ್ಟ್‌ನಲ್ಲಿ ಕೆಲಸ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ತನ್ನ ಕಂಪ್ಯೂಟರ್‌ನಲ್ಲಿ ವೇಗದ ಪರೀಕ್ಷೆ ಮಾಡ್ತಿದ್ರು. ಎಸ್‌ಎಸ್‌ಎಚ್ ಲಾಗಿನ್ ಯಾಕೋ ಪ್ರೊಸೆಸರ್ ಜಾಸ್ತಿ ತಿಂತಿದೆ ಅನ್ನಿಸ್ತು. ಅಳೆದು ನೋಡಿದ್ರು. ಮೊದಲು ಸುಮಾರು 0.3 ಸೆಕೆಂಡ್ ಆಗ್ತಿದ್ದದ್ದು ಈಗ 0.8. ಅರ್ಧ ಸೆಕೆಂಡ್! ನಾನಾಗಿದ್ರೆ ನೆಟ್ ಸ್ಲೋ ಅಂದ್ಕೊಂಡು ಕಾಫಿಗೆ ಹೋಗ್ತಿದ್ದೆ. ಅವರು ಬಿಡಲಿಲ್ಲ, ಅಗೆದು ಹಿಂಬಾಗಿಲನ್ನ ಹೊರಗೆ ತೆಗೆದು, 2024ರ ಮಾರ್ಚ್ 29ರ ಶುಕ್ರವಾರ ಜಗತ್ತಿಗೆ ಹೇಳಿದ್ರು.

ಅವರ ಕಂಪ್ಯೂಟರ್‌ನಲ್ಲಿ ಇದ್ದದ್ದು ಯಾವ ಸಿಸ್ಟಮ್? ಡೆಬಿಯನ್ ಸಿಡ್. ಆಟಿಕೆ ಮುರಿಯೋ ಹುಡುಗ.

ಆ ವಾರಾಂತ್ಯ ಸಿಡ್, ಫೆಡೋರಾದ ಪರೀಕ್ಷಾ ಆವೃತ್ತಿ, ಓಪನ್‌ಸೂಸೆ ಟಂಬಲ್‌ವೀಡ್ ಬಳಸೋರೆಲ್ಲ ಗಾಬರಿಯಲ್ಲಿ ಓಡಾಡಿದ್ರು. ಉಬುಂಟು ತನ್ನ ಬೀಟಾವನ್ನ ಒಂದು ವಾರ ಮುಂದೂಡಿ ಎಲ್ಲವನ್ನೂ ಹೊಸದಾಗಿ ಕಟ್ಟಿತು. ಡೆಬಿಯನ್ ಸ್ಟೇಬಲ್ ಬಳಸೋರಿಗೆ ಏನೂ ಆಗಲಿಲ್ಲ. ಅವತ್ತು ಸ್ಟೇಬಲ್ ಅಭಿಮಾನಿಗಳು "ನೋಡಿದ್ರಾ?" ಅಂದ್ರು. ನನಗೆ ಆ ಮಾತು ಅರ್ಧ ಸತ್ಯ ಅನ್ನಿಸ್ತು. ಎಲ್ಲರೂ ಸ್ಟೇಬಲ್ಲನ್ನೇ ಬಳಸ್ತಿದ್ರೆ ಆ ಅರ್ಧ ಸೆಕೆಂಡ್ ಯಾರ ಕಣ್ಣಿಗೂ ಬೀಳ್ತಿರಲಿಲ್ಲ, ಹಿಂಬಾಗಿಲು ಮೆಲ್ಲಗೆ ಮುಂದಿನ ಸ್ಟೇಬಲ್ ಒಳಗೆ ಹೋಗಿ ಕೂರ್ತಿತ್ತು. ಕಾಯೋರು ಕಾಯೋಕೆ ಆಗೋದು, ಮೊದಲು ಬಳಸಿ ಪೆಟ್ಟು ತಿನ್ನೋ ಜನ ಇರೋದ್ರಿಂದ. ಆ ಜನಕ್ಕೆ ಯಾರೂ ಸಂಬಳ ಕೊಡಲ್ಲ.

ಇಬ್ಬರ ನಡುವೆ ಅಂತರ ಇರಬೇಕು ಅನ್ನೋದನ್ನ ಮರೆತ್ರೆ ಏನಾಗುತ್ತೆ ಅಂತ ಅದೇ ವರ್ಷ ಜುಲೈ 19ಕ್ಕೆ ನೋಡಿದ್ವಿ. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರೂ ಸೇರಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೈಯಲ್ಲೇ ಮಾಡಬೇಕಾಯ್ತು, ಪೆನ್ನಲ್ಲಿ ಬರೆದ ಬೋರ್ಡಿಂಗ್ ಪಾಸ್ ಫೋಟೋಗಳು ವೈರಲ್ ಆದವು. ಅಸಲಿ ವಿಷಯ ಇಲ್ಲಿದೆ: ಮುಖ್ಯ ಸಾಫ್ಟ್‌ವೇರ್‌ನಲ್ಲಿ ಒಂದು ಆವೃತ್ತಿ ಹಿಂದೆ ಉಳಿಯೋ ಆಯ್ಕೆ ಗ್ರಾಹಕರಿಗೆ ಇತ್ತು. ಆದ್ರೆ ಕೆಟ್ಟದ್ದು ಆ ಸಾಫ್ಟ್‌ವೇರ್ ಅಲ್ಲ, ಅದು ಓದೋ ಒಂದು ಸಣ್ಣ ದತ್ತಾಂಶದ ಫೈಲ್. ಅದು ಎಲ್ಲರಿಗೂ ಒಟ್ಟಿಗೇ ಹೋಗ್ತಿತ್ತು. ತಾವು ಸ್ಟೇಬಲ್ ಅಂತ ನಂಬಿದ್ದವರು ಗೊತ್ತಿಲ್ಲದೇ ರೋಲಿಂಗ್‌ನಲ್ಲಿದ್ರು.

ಇತ್ತೀಚೆಗೆ ಈ ಎರಡರ ಗೆರೆ ಅಳಿಸ್ತಾ ಇದೆ. ಗೇಮ್ ಆಡೋರಿಗೆ ಸ್ಟೀಮ್ ಡೆಕ್ ಗೊತ್ತಿರುತ್ತೆ. ವಾಲ್ವ್ ಕಂಪನಿ ತನ್ನ ಸ್ಟೀಮ್‌ಓಎಸ್ ಅನ್ನು ಮೊದಲು ಕಟ್ಟಿದ್ದು ಡೆಬಿಯನ್ ಮೇಲೆ. 2022ರಲ್ಲಿ ಸ್ಟೀಮ್ ಡೆಕ್ ಜೊತೆ ಬಂದ ಮೂರನೇ ಆವೃತ್ತಿಯನ್ನ ಆರ್ಚ್ ಮೇಲೆ ಕಟ್ಟಿತು. ಹೊಸ ಗ್ರಾಫಿಕ್ಸ್ ಡ್ರೈವರ್ ಬೇಗ ಬೇಕು ಅಂದ್ರೆ ಎರಡು ವರ್ಷ ಕಾಯೋಕೆ ಆಗಲ್ಲ. ಹಾಗಂತ ಆರ್ಚ್ ಅನ್ನು ಹಾಗೇ ಕೊಡಲ್ಲ. ಒಂದು ದಿನದ ಆರ್ಚ್ ಅನ್ನು ಹಿಡಿದು ನಿಲ್ಲಿಸಿ, ಪರೀಕ್ಷಿಸಿ, ಬಳಕೆದಾರರು ಸುಲಭಕ್ಕೆ ಮುಟ್ಟದ ಹಾಗೆ ಬೀಗ ಹಾಕಿ ಕೊಡ್ತಾರೆ. ಟಂಬಲ್‌ವೀಡ್‌ನವರು ಇನ್ನೊಂದು ದಾರಿ ಹಿಡಿದ್ರು: ಪ್ರತಿ ಹೊಸ ಕಟ್ಟನ್ನೂ ಯಂತ್ರವೇ ಇನ್‌ಸ್ಟಾಲ್ ಮಾಡಿ, ಬಟನ್ ಒತ್ತಿ ನೋಡಿ, ಪಾಸ್ ಆದ್ರೆ ಮಾತ್ರ ಹೊರಗೆ ಬಿಡುತ್ತೆ.

"ಅಣ್ಣಾ, ನಾನು ಯಾವುದು ಹಾಕ್ಲಿ?" ಅಂತ ಕೇಳೋರಿಗೆ ನನ್ನ ಉತ್ತರ ಒಂದು ಮರುಪ್ರಶ್ನೆ: ನಿಮ್ಮ ಹತ್ರ ಎಷ್ಟು ಕಂಪ್ಯೂಟರ್ ಇದೆ? ಒಂದೇ ಲ್ಯಾಪ್‌ಟಾಪ್, ಅದರಲ್ಲೇ ಓದು, ಅದರಲ್ಲೇ ಇಂಟರ್‌ವ್ಯೂ ಅಂದ್ರೆ ಡೆಬಿಯನ್ ಸ್ಟೇಬಲ್ಲೋ ಉಬುಂಟು ಎಲ್‌ಟಿಎಸ್ಸೋ ಹಾಕ್ಕೊಳ್ಳಿ. ಲ್ಯಾಪ್‌ಟಾಪ್ ಹೋದ ತಿಂಗಳು ಕೊಂಡದ್ದು, ಸ್ಟೇಬಲ್‌ನಲ್ಲಿ ವೈಫೈ ಬರ್ತಿಲ್ಲ ಅಂದ್ರೆ ಫೆಡೋರಾನೋ ಟಂಬಲ್‌ವೀಡೋ ನೋಡಿ. ಮೂಲೆಯಲ್ಲಿ ಹಳೇ ಕಂಪ್ಯೂಟರ್ ಒಂದು ಧೂಳು ತಿಂತಿದ್ರೆ ಅದಕ್ಕೆ ಆರ್ಚ್ ಹಾಕಿ, ಕೆಡಿಸಿ, ಮತ್ತೆ ಹಾಕಿ. ಆರ್ಚ್ ವಿಕಿ ಓದಿದಷ್ಟು ಲಿನಕ್ಸ್ ನಿಮಗೆ ಯಾವ ಕ್ಲಾಸಲ್ಲೂ ಕಲಿಸಲ್ಲ. ಎಲ್ಲದಕ್ಕೂ ಮೊದಲು ಬ್ಯಾಕಪ್, ಅದನ್ನ ಹೇಳದೆ ಬಿಟ್ಟರೆ ನನಗೇ ನಿದ್ದೆ ಬರಲ್ಲ.

ಲ್ಯಾಪ್‌ಟಾಪೇ ಇಲ್ಲ, ಬರೀ ಫೋನ್ ಅನ್ನೋರಿಗೆ ಒಂದು ಸಣ್ಣ ಕೆಲಸ. ಆಂಡ್ರಾಯ್ಡ್ ಆದ್ರೆ ಸೆಟ್ಟಿಂಗ್ಸ್‌ಗೆ ಹೋಗಿ, ಫೋನ್‌ನ ಸಾಫ್ಟ್‌ವೇರ್ ವಿವರ ಇರೋ ಪುಟ ತೆಗೀರಿ. ಆಂಡ್ರಾಯ್ಡ್ ಆವೃತ್ತಿ ಅಂತ ಒಂದು ಸಂಖ್ಯೆ ಇರುತ್ತೆ, ಅದು ವರ್ಷಕ್ಕೊಮ್ಮೆ ಬದಲಾದ್ರೆ ಪುಣ್ಯ. ಸೆಕ್ಯುರಿಟಿ ಅಪ್‌ಡೇಟ್ ಅಂತ ಇನ್ನೊಂದು ದಿನಾಂಕ. ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ಅಂತ ಮೂರನೇದು, ಇದು 2019ರ ಆಂಡ್ರಾಯ್ಡ್ 10ರಿಂದ ಶುರುವಾಗಿದ್ದು, ಸಿಸ್ಟಮ್‌ನ ಕೆಲವು ಒಳ ಭಾಗಗಳು ಫೋನ್ ಕಂಪನಿಯನ್ನ ಕಾಯದೆ ಪ್ಲೇ ಸ್ಟೋರ್ ಮೂಲಕವೇ ಬದಲಾಗ್ತವೆ. ಇವುಗಳ ಮೇಲೆ ಓಡೋ ಕ್ರೋಮ್ ಬ್ರೌಸರ್‌ಗೆ 2021ರ ಸೆಪ್ಟೆಂಬರ್‌ನಿಂದ ನಾಲ್ಕು ವಾರಕ್ಕೊಂದು ಹೊಸ ಆವೃತ್ತಿ ಬರೋಕೆ ಶುರುವಾಯ್ತು. ಮೂರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ಕಂತಿನಲ್ಲಿ ಆ ಎರಡನೇ ದಿನಾಂಕ ಕೆಲವು ಫೋನ್‌ಗಳಲ್ಲಿ ಯಾಕೆ ವರ್ಷಗಟ್ಟಲೆ ಹಿಂದೆ ಉಳಿದಿರುತ್ತೆ ಅಂತ ಮಾತಾಡೋಣ.